ಹೆಬ್ಬೆಟ್ಟು

ರಾತ್ರಿ ನೆನೆಹಾಕಿದ ಅವರೆಕಾಳು
ಉಬ್ಬಿ ಬೋಸಿಯ ಅಂಚು ಮುಟ್ಟಿದೆ.
ಭಾನುವಾರ. ಫಿಲೇಚರಿಗೆ ರಜ.
ಶಿಡ್ಲಘಟ್ಟದ ನಮ್ಮ ಬೀದಿಯ ಮೂಗಿಗೆ ರಜವಿಲ್ಲ,
ಬೇಯಿಸಿದ ಗೂಡಿನ ವಾಸನೆ
ಮೋರಿಯಲ್ಲಿ ಕೂತೇ ಇದೆ.

ಅದರ ಮೇಲೆ ಇವತ್ತು ಸೊಗಡು.
ಮಂಜು ಕುಡಿದ ಕಾಯಿ, ಚಿಂತಾಮಣಿ ಕಡೆಯದು,
ಸುಲಿದ ನನ್ನ ಉಗುರೆಲ್ಲ ಅಂಟು, ಕಪ್ಪು.
"ಸೋಪು ಹಾಕ್ಬೇಡ್ವೇ, ನಾಳೆಗೂ ಇರ್ಲಿ"
ಅನ್ನುತ್ತಾರೆ ಅತ್ತೆ ಮುನಿತಾಯಮ್ಮ,
ಮಲ್ಲಿಗೆ ಮುಡಿದವಳಿಗೆ ಹೇಳುವ ಹಾಗೆ.

ನಾನು ಪಾವಗಡದವಳು. ನಮ್ಮಲ್ಲಿ ಹುರುಳಿ,
ಕಟ್ಟು ಬಸಿದು ಒಗ್ಗರಣೆ ಸಿಡಿಸಿದರೆ ಮುಗಿಯಿತು.
ಕಾಳಿನ ಅಂಗಿ ಬಿಚ್ಚಿ ಬೇಯಿಸುವ ಜನ ಇದ್ದಾರೆಂದು
ಮದುವೆಯಾಗುವವರೆಗೂ ಗೊತ್ತಿರಲಿಲ್ಲ.
ಮೊದಲ ವರ್ಷ ನಾನು ಹಿತುಕಿದ್ದು
ಅರ್ಧ ಗೋಡೆಗೆ,
ಅರ್ಧ ಮಾವನ ಕನ್ನಡಕಕ್ಕೆ.

ಅತ್ತೆ ಕೈಯ ಕಡೆ ನೋಡುವುದೇ ಇಲ್ಲ.
ಹೆಬ್ಬೆಟ್ಟು, ತೋರುಬೆರಳು, ನಡುವೆ ಒಂದು ಕಾಳು,
ಮೂತಿಯ ಹತ್ತಿರ ಚೂರೇ ಒತ್ತು, ಪುಳಕ್.
ಬೇಳೆ ತಟ್ಟೆಗೆ, ಸಿಪ್ಪೆ ಬೆರಳಿಗೆ.
ಇಪ್ಪತ್ತೆರಡು ವರ್ಷ ಇದೇ ಎರಡು ಬೆರಳು
ಕುದಿನೀರಲ್ಲಿ ತೇಲುವ ಗೂಡಿನ ಮೈ ತಡಕಿ
ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿದವು.
ಅಲ್ಲಿ ಹೊದ್ದದ್ದು ಬೇಕು, ಒಳಗಿದ್ದದ್ದು ಬೇಡ.
ಇಲ್ಲಿ ಹೊದ್ದದ್ದು ಕುರಿಗೆ, ಒಳಗಿದ್ದದ್ದು ನಮಗೆ.
"ಇಷ್ಟೇ ವ್ಯತ್ಯಾಸ" ಅಂದೆ ಒಮ್ಮೆ, ಜಾಣೆಯ ಹಾಗೆ.
"ಈ ನೀರು ತಣ್ಣಗೈತಲ್ಲ,
ಅದು ವ್ಯತ್ಯಾಸ" ಅಂದರು.

ಮೊನ್ನೆ ನ್ಯಾಯಬೆಲೆ ಅಂಗಡಿಯಲ್ಲಿ
ಆ ಪುಟ್ಟ ಯಂತ್ರದ ಗಾಜಿನ ಮೇಲೆ
ಅತ್ತೆ ಹೆಬ್ಬೆಟ್ಟು ಇಟ್ಟರು. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟರು. ಕೆಂಪು.
ತಲೆ ಸವರಿ, ಎಣ್ಣೆ ಹತ್ತಿಸಿ ಇಟ್ಟರು. ಕೆಂಪು.
ಎಡಗೈ. ಕಿರುಬೆರಳು ಕೂಡ.
"ಗೆರೆನೇ ಇಲ್ವಲ್ಲಮ್ಮ ನಿಂಗೆ" ಅಂದ ಗಂಗುಲಪ್ಪ.
ಸಾಲಿನಲ್ಲಿ ಯಾರೋ ನಕ್ಕರು, ಯಾರೋ ಕೆಮ್ಮಿದರು.
ಹಿಂದೆ ನಿಂತ ನಾನು ಮುಂದೆ ಬಂದು ನನ್ನದಿಟ್ಟೆ.
ಮೂರನೇ ಸಲಕ್ಕೆ ಹಸಿರು.

ಮೂರನೇ ಸಲಕ್ಕೆ.
ನಾನು ಬೇಸಿನ್ನಿಗೆ ಕೂತು ಮೂರೇ ವರ್ಷ.

ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.
ತಿರುವಿನಲ್ಲಿ ಗೋಣಿಯ ಮೇಲೆ ಕಾಯಿ ರಾಶಿ.
ಅತ್ತೆ ಒಂದನ್ನೆತ್ತಿ ಮೂಸಿ ಐದು ಕೇಜಿ ತೂಗಿಸಿದರು.
"ಹುಳ ಐತೆ" ಅಂದೆ.
"ಹುಳದೂರಿಗೆ ಬಂದು ಹುಳಕ್ಕೆ ಹೆದರ್ತಾಳೆ ನೋಡು,
ಹುಳ ತಿಂದಿದ್ದೇ ಔಷಧಿ ಹೊಡೀದ ಕಾಯಿ."

ಈಗ ಒಲೆ.
ಧನಿಯ, ಚಕ್ಕೆ, ಎರಡೇ ಎರಡು ಲವಂಗ,
ಚಿಟಿಕೆ ಗಸಗಸೆ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ,
ಒಂದು ಹೋಳು ತೆಂಗಿನಕಾಯಿ.
ಉಪ್ಪು ಹಾಕುವಾಗ ಮಾತ್ರ ಅತ್ತೆಗೆ ತೆಲುಗು,
ಒಕಟಿ, ರೆಂಡು, ಮೂಡು, ಚಾಲು.
ಬೇಳೆ ಕರಗಬಾರದು.
"ಬೆಂದಿರಬೇಕು, ಬೆಂದಂಗೆ ಕಾಣಬಾರ್ದು."
ಗೋಡೆಯಾಚೆಯ ಷಮೀಮಕ್ಕನಿಗೊಂದು ಬಟ್ಟಲು ಬೇಳೆ,
ಅವರಲ್ಲಿ ಅದು ಖೀಮಾಕ್ಕೆ ಬೀಳುತ್ತದೆ,
ಸಂಜೆ ಅದೇ ಬಟ್ಟಲು ಖಾಲಿ ಬರುವುದಿಲ್ಲ.

ಮುದ್ದೆ ಹೊಗೆಯಾಡುತ್ತಿತ್ತು.
ಮುರಿಯಲು ಹೋದ ಎಲ್ಲರೂ ಕೈ ಎಳೆದುಕೊಂಡೆವು,
ಊದಿಕೊಂಡೆವು, ನಕ್ಕೆವು.
ಅತ್ತೆ ಎಳೆದುಕೊಳ್ಳಲಿಲ್ಲ.
ಮೂರನೇ ತುತ್ತಿನಲ್ಲಿದ್ದರು ಆಗಲೇ.

ತಟ್ಟೆ ಎತ್ತುವಾಗ ಕಂಡಿತು,
ಅಂಚಿನಲ್ಲಿ ಸಾರಿನ ಅಚ್ಚು, ನನ್ನ ಹೆಬ್ಬೆಟ್ಟಿನದು.
ದೀಪಕ್ಕೆ ಹಿಡಿದೆ.
ಹಿಡಿದು, ಎಣಿಸದೆ, ನೀರಿಗಿಟ್ಟೆ.
ಬೆಳಿಗ್ಗೆ ಆರಕ್ಕೆ ಪಾಳಿ.
ಉಳಿದ ಸಾರು ಇನ್ನೊಂದು ಕುದಿ ಬರಿಸಿ ಮುಚ್ಚಿದೆ,
ನಾಳೆಗೆ ಅದು ಇನ್ನೂ ರುಚಿ.