ಎಡಗಿವಿಯ ಪಾಠ

ಯಾವ ಪಾಡ್‌ಕಾಸ್ಟ್ ಕೇಳಲಿ ಅಂತ ಕೇಳಿದೆಯಲ್ಲ, ರೋರಿ,
ಮೊದಲು ಇದನ್ನು ಕೇಳು:
ನನ್ನ ಬಲಗಿವಿಯ ಇಯರ್‌ಫೋನ್ ಸತ್ತು ಎರಡು ವರ್ಷ.
ನಾನು ಕಲಿತ ಕಾನೂನೆಲ್ಲ ಎಡಗಿವಿಯಿಂದಲೇ ಒಳಬಂದದ್ದು,
ಪೇಸ್ಲಿಯ ಆಸ್ಪತ್ರೆಯ ಲಾಂಡ್ರಿಯಲ್ಲಿ,
ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ
ಚಾದರ ಮಡಿಸುತ್ತ.

ಎಡಿನ್‌ಬರೋದ ಇಬ್ಬರು ವಕೀಲರು ನಡೆಸುವುದು ಒಂದಿದೆ.
ಬಿಡು.
ಅವರ ಜೋಕಿಗೆ ಅವರೇ ನಕ್ಕು ಮುಗಿಯಬೇಕು,
ಆಮೇಲೆ ಹಾಸಿಗೆ ಮಾರುವವನ ಜಾಹೀರಾತು,
ಕರಾರಿನ ಕಾನೂನು ಬರುವಷ್ಟರಲ್ಲಿ
ನಲವತ್ತು ದಿಂಬುಚೀಲ ನನ್ನ ಕೈದಾಟಿರುತ್ತವೆ.

ಇನ್ನೊಬ್ಬಳು ಬಟ್ಟೆಯ ಬೀರುವಿನೊಳಗೆ ಕೂತು ಮಾತಾಡುತ್ತಾಳೆ,
ಕೋಟುಗಳ ನಡುವೆ, ಸದ್ದು ಮಾರ್ದನಿಸದಿರಲೆಂದು.
ಅವಳನ್ನು ನಂಬು.
ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾಳೆ.
ಎದ್ದು ಬರುವಾಗ ಹ್ಯಾಂಗರ್ ಒಂದು ಕಿಣಿಕ್ ಅನ್ನುತ್ತದೆ,
ಪಾಠ ಮುಗಿಯಿತೆಂದು ಅದರಿಂದಲೇ ತಿಳಿಯಬೇಕು.

ಆಸ್ತಿ ವ್ಯಾಜ್ಯಕ್ಕೆ ಡೂಗಲ್, ನಿವೃತ್ತ ಗುಮಾಸ್ತ,
ಮೂವತ್ತೊಂದು ವರ್ಷ ಕೋರ್ಟಿನ ಕಡತ ಹೊತ್ತವನು.
ಹಿಂದೆ ಕೆಟಲ್ ಕುದಿಯುತ್ತಿರುತ್ತದೆ, ನಾಯಿ ಆಕಳಿಸುತ್ತದೆ.
ಗೆದ್ದವರು ಯಾರೆಂದು ಕೊನೆಗೆ, ಮರೆಯದಿದ್ದರೆ, ಹೇಳುತ್ತಾನೆ;
ಮೊದಲು ಹೇಳುವುದು
ಅಂದು ಯಾರ ಶೂ ಒದ್ದೆಯಾಗಿತ್ತೆಂದು.
ಪರೀಕ್ಷೆಗೆ ಉಪಯೋಗವಿಲ್ಲ. ಆದರೂ ಕೇಳು.

ಬಸವನಹುಳುವಿನ ಕಂತನ್ನಂತೂ ಎಲ್ಲರೂ ಮಾಡಿದ್ದಾರೆ.
ಅದು ನಮ್ಮೂರಿನದೇ ತಾನೆ:
ಇದೇ ಪೇಸ್ಲಿಯ ಹೋಟೆಲಿನಲ್ಲಿ, ನಮ್ಮ ಮುತ್ತಜ್ಜಿಯರ ಕಾಲದಲ್ಲಿ,
ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಕುಡಿದಳು ಒಬ್ಬಳು,
ಬಾಟಲಿಯ ತಳದಿಂದ ಕೊಳೆತ ಹುಳು ಜಾರಿತೆಂದಳು.
ದುಡ್ಡು ಕೊಟ್ಟವಳು ಅವಳಲ್ಲ. ಹಾಗಾದರೆ ಹೊಣೆ ಯಾರು?
ಲಂಡನ್ನಿನ ತನಕ ತೆವಳಿತು ಆ ಪ್ರಶ್ನೆ,
ನಿನ್ನ ನೆರೆಯವರು ಯಾರು
ಎಂಬ ಇನ್ನೂ ಹಳೆಯ ಪ್ರಶ್ನೆಯಾಗಿ ತಿರುಗಿ ಬಂತು.
ಹುಳು ನಿಜಕ್ಕೂ ಇತ್ತೇ ಎಂದು
ಸಾಬೀತಾಗಲೇ ಇಲ್ಲ, ಗೊತ್ತಾ?

ಆ ರಾತ್ರಿ ಅದನ್ನೇ ನಾಲ್ಕನೇ ಸಲ ಕೇಳುತ್ತಿದ್ದೆ.
ಚಾದರದ ಆ ತುದಿಯಲ್ಲಿ ಲೆತೆಬ್ರಹಾನ್, ಎರಿಟ್ರಿಯಾದವಳು.
ಎರಡು ವರ್ಷ ಜೊತೆಗೆ ಮಡಿಸಿದ್ದೇವೆ,
ಹತ್ತಿರ ಬಂದು, ತುದಿಗೆ ತುದಿ ಕೂಡಿಸಿ,
ಮತ್ತೆ ದೂರ ಸರಿದು,
ಹಿಡಿ, ಬಿಡು ಅನ್ನುವುದರಾಚೆ ಮಾತಿಲ್ಲದೆ.
“ಯಾವಾಗಲೂ ಏನು ಕೇಳುತ್ತೀ?” ಅಂದಳು.
ಒರೆಸಿ ಕೊಟ್ಟೆ. ಕಿವಿಗಿಟ್ಟಳು.
ಐದು ನಿಮಿಷ ಡ್ರೈಯರುಗಳು ಗುಡುಗಿದವು.
ಆಮೇಲೆ ನಕ್ಕಳು ನೋಡು, ಚಾದರ ಕೈಜಾರುವ ಹಾಗೆ:
“ಹುಳುವಿಗೂ ತಾರೀಖು ಸಿಕ್ಕಿತು!
ನನ್ನ ಮಗನಿಗೆ ಇನ್ನೂ ಇಲ್ಲ.”

ಮಗ ಸೆನಾಯ್. ಹದಿನಾರು ವರ್ಷ.
ಕಂಪಾಲಾದಲ್ಲಿ ಯಾರದೋ ಚಿಕ್ಕಪ್ಪನ ಮನೆಯಲ್ಲಿದ್ದಾನೆ.
ಕರೆಸಿಕೊಳ್ಳುವ ಅರ್ಜಿ ಬಿದ್ದುಹೋಗಿದೆ,
ಮೇಲ್ಮನವಿ ಎಲ್ಲೋ ಕೂತಿದೆ.
ನನಗೆ ಹೇಗೆ ಗೊತ್ತಾಯಿತು ಅನ್ನುತ್ತೀಯಾ?
ಕೇಳಿದೆ.
ಆಮೇಲೆ ಕೇಳಿದೆ.
ಇಯರ್‌ಫೋನ್ ಅವಳಲ್ಲೇ ಇತ್ತು,
ನ್ಯಾಯಮೂರ್ತಿಗಳ ಮಾತು ಅವಳಿಗೆ, ಅವಳ ಮಾತು ನನಗೆ.
ಬಲಗಿವಿ, ಯಾವ ಕಾನೂನೂ ಹೊಗದ ಕಿವಿ,
ಇಷ್ಟು ದಿನ ಅವಳ ಕಡೆಗೇ ಇತ್ತು.

ಅವಳ ಕಾಗದಗಳನ್ನು ಬಸ್ಸಿನಲ್ಲಿ ಓದಿದೆ.
ಅರ್ಧ ತಲೆಗೆ ಹೋಗಲಿಲ್ಲ, ಮೂರನೇ ವರ್ಷದವಳು ನಾನು!
ಬೀರುವಿನವಳಿಗೆ ಬರೆದೆ.
ಈ ಶಾಖೆ ನನಗೆ ಗೊತ್ತಿಲ್ಲ ಅಂದಳು, ನಾನು ಹೇಳಲಿಲ್ಲವೆ,
ಗೊತ್ತಿದ್ದವರ ವಿಳಾಸ ಕೊಟ್ಟಳು.

ಈಗ ತಾರೀಖು ಬಂದಿದೆ. ಬುಧವಾರ, ಹತ್ತು ಗಂಟೆ, ಗ್ಲಾಸ್ಗೋ.
ಏನಾಗುತ್ತದೋ. ನನ್ನನ್ನು ಕೇಳಬೇಡ.
ಮಂಗಳವಾರ ರಾತ್ರಿ ಅವಳು ಮಲಗಬೇಕು,
ಕಣ್ಣು ಕೆಂಪಾಗಿ ಹೋಗಬಾರದು ಅಲ್ಲಿಗೆ.
ಚಾದರದ ಆ ತುದಿ ಹಿಡಿಯಲು ಒಬ್ಬರು ಬೇಕು, ರೋರಿ.
ಮೇಲ್ವಿಚಾರಕನಿಗೆ ನಿನ್ನ ಹೆಸರು ಹೇಳಿಬಿಟ್ಟಿದ್ದೇನೆ.
ಡೂಗಲ್‌ನ ಹೊಸ ಕಂತು ಅಂದೇ ಬರುತ್ತದೆ,
ಸರದಿಯಲ್ಲಿ ಕೇಳೋಣ.
ಇರುವುದು ಒಂದೇ ಕಿವಿ.