ಗಂಧಕದ ಪಾಳಿ

ಝೊಂಗುಲ್ಡಾಕಿನ ಏರುಬೀದಿಯಲ್ಲಿ ಇವತ್ತು
ನನ್ನ ಔಷಧಿ ಅಂಗಡಿಗೆ ರಾತ್ರಿ ಪಾಳಿ.
ಊರಿಗೆಲ್ಲ ಕೆಂಪು ದೀಪ ಇದೊಂದೇ,
ಕೆಳಗೆ ಕಪ್ಪು ಸಮುದ್ರ, ಹೆಸರಿಗೆ ತಕ್ಕ ಹಾಗೆ.

ಹನ್ನೊಂದೂವರೆಗೆ ಹಸೀಪಜ್ಜ ಬರುತ್ತಾನೆ,
ಅವನಿಗಿಂತ ಮೂರು ಮೆಟ್ಟಿಲು ಮೊದಲು ಅವನ ಕೆಮ್ಮು.
"ಅದೇ ಕೊಡಮ್ಮ, ಬುರಬುರ ಗುಳಿಗೆ."

ಕೊಳವೆಯ ಮುಚ್ಚಳ ತೆಗೆದರೆ
ಕೊಳೆತ ಮೊಟ್ಟೆ,
ಅದರ ಮೇಲೆ ನಿಂಬೆಹಣ್ಣಿನದೊಂದು ಸುಳ್ಳು.
ಅಜ್ಜ ಮಾತ್ರ ಮೂಸಿ ನಗುತ್ತಾನೆ:
"ಗಣಿಯಲ್ಲಿ ಈ ವಾಸನೆ ಬಂತೆಂದರೆ
ಗುದ್ದಲಿ ಬಿಸಾಕಿ ಓಡುತ್ತಿದ್ದೆವು.
ಈಗ ನೋಡು, ದುಡ್ಡು ಕೊಟ್ಟು ಕುಡಿಯುತ್ತೇನೆ."

ಅಸಿಟೈಲ್ ಸಿಸ್ಟೀನ್. ನಾಲಗೆಗೆ ತೊಡರುವ ಹೆಸರು.
ಬೆನ್ನ ಮೇಲೆ ಚಿಟಿಕೆ ಗಂಧಕ ಹೊತ್ತ ಅಮೈನೊ ಆಮ್ಲ,
ನಮಗೆ ಹಿಡಿಯಬೇಕಾದ ತುಕ್ಕನ್ನು
ತಾನು ಹಿಡಿಸಿಕೊಳ್ಳುವ ಜೀತದಾಳು.
"ಹಾಗಾದರೆ ಒಳಗಿನ ಕಲ್ಲಿದ್ದಲು?"
ಕಫ ತೆಳುವಾಗುತ್ತದೆ ಅಜ್ಜ,
ಕಲ್ಲಿದ್ದಲು ಕರಗುವುದಿಲ್ಲ.

ಹೋದ ಚಳಿಗಾಲ ಇದೇ ಕಟ್ಟೆಯ ಮುಂದೆ
ಗೂಲ್ಫೆರ್ ಮಗುವನ್ನೆತ್ತಿಕೊಂಡು ನಿಂತಿದ್ದಳು,
ಜ್ವರದ ಸಿರಪ್ಪಿನ ಬಾಟಲಿ ಪೂರ್ತಿ ಖಾಲಿ.
ಮಗು ನನ್ನ ಕನ್ನಡಕ ಎಳೆದು ಆಡುತ್ತಿತ್ತು;
ಅದರ ಯಕೃತ್ತು ಮಾತ್ರ, ಸದ್ದಿಲ್ಲದೆ,
ಗಡಿಯಾರ ನೋಡುತ್ತಿತ್ತು.
ಓಡು, ಎಂದೆ. ಓಡಿದಳು.
ಆಸ್ಪತ್ರೆಯಲ್ಲಿ ಇದೇ ನಾತದ ಮದ್ದು
ಹನಿಹನಿಯಾಗಿ ನರಕ್ಕಿಳಿಯಿತು, ಇಪ್ಪತ್ತೊಂದು ಗಂಟೆ.
ನಡುವೆ ಮೈತುಂಬ ಕೆಂಪು ದದ್ದು ಎದ್ದು
ಎಲ್ಲರ ಉಸಿರು ನಿಲ್ಲಿಸಿ, ಇಳಿದವು.
ಈಗ ಎಲಾನೂರ್ ಮೆಟ್ಟಿಲು ಎಣಿಸಲು ಕಲಿತಿದ್ದಾಳೆ.

ಜಿಮ್ಮಿನ ಹುಡುಗ ಬೆರ್ಕಾಯ್‌ಗೂ ಇದೇ ಬೇಕು,
ರಾತ್ರಿ ಕುಡಿದದ್ದನ್ನು ಬೆಳಿಗ್ಗೆ ಒರೆಸಲು, ನಾಲ್ಕು ಕೊಳವೆ.
ಇದು ಅಳಿಸುವ ರಬ್ಬರಲ್ಲ ಮಗನೇ, ಎಂದೆ.
ಒಂದು ಕೊಟ್ಟೆ.
ಒಂದನ್ನಾದರೂ ಯಾಕೆ ಕೊಟ್ಟೆ?
ಅಂಗಡಿಗೆ ಬಾಡಿಗೆಯಿದೆ.

ಅಜ್ಜ ಚಿಲ್ಲರೆಗೆ ಜೇಬು ತಡಕುತ್ತಾನೆ.
ನಾಣ್ಯಗಳ ಜೊತೆ ಉರುಳಿತೊಂದು ಪುಟ್ಟ ಡಬ್ಬಿ:
ಎದೆ ಹಿಂಡಿದಾಗ ನಾಲಗೆಯಡಿ ಇಡುವ ಗುಳಿಗೆ.
ಯಾವಾಗಿನಿಂದ?
"ರಂಜಾನಿನಿಂದ."
ತಲೆ ಸಿಡಿಯುತ್ತದಾ? ಎದ್ದು ನಿಂತರೆ ಕಣ್ಣು ಕತ್ತಲೆ?
"ವಯಸ್ಸಲ್ಲವೇನಮ್ಮ."
ವಯಸ್ಸೇ ಇರಬಹುದು. ಆದರೂ
ಇವೆರಡೂ ಒಳಗೆ ಕೈ ಕುಲುಕಿದರೆ ರಕ್ತದೊತ್ತಡ
ಹಗ್ಗ ಹರಿದ ಗಣಿಯ ತೊಟ್ಟಿಲು.

ಕೊಳವೆಯನ್ನು ಡ್ರಾಯರಿಗೆ ಹಾಕಿ ಕೀಲಿ ತಿರುಗಿಸಿದೆ.
ನಾಳೆ ಡಾಕ್ಟರನ್ನು ಕೇಳೋಣ, ನಾನೂ ಬರುತ್ತೇನೆ.
ಅಲ್ಲಿಯವರೆಗೆ ಬರೀ ಬಿಸಿನೀರು.

ಬೈಯುತ್ತಾನೆಂದುಕೊಂಡೆ. ಬೈದ ಕೂಡ, ಸ್ವಲ್ಪ.
ಆಮೇಲೆ ಲೋಟ ಖಾಲಿ ಮಾಡಿ
ಕಟ್ಟೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿದ,
ಒಂದು, ಎರಡು, ಮೂರು.

ಏನದು, ಎಂದೆ.

"ಕೆಳಗಿನಿಂದ ಮೇಲಿನವರಿಗೆ ಸನ್ನೆ.
ತೊಟ್ಟಿಲಲ್ಲಿರುವುದು ಕಲ್ಲಿದ್ದಲಲ್ಲ, ಜನ.
ಮೆಲ್ಲಗೆ ಎತ್ತಿ."