ಹಗುರ ಸರಕು

ಇಪ್ಪತ್ತು ಎಣಿಸು, ಆಮೇಲೆ ಕೀಲಿ ತಿರುವು,
ಅಂದಿದ್ದ ಹಾಲಸ್ವಾಮಿ.
ಹಳೇ ಡೀಸೆಲ್ಲಿಗೆ ಮೊದಲು ಮೈ ಕಾಯಬೇಕು ಖೈರಮ್ಮ,
ಭಟ್ಟಿಯವಳು ನೀನು, ನಿನಗೇನು ಹೇಳೋದು.

ಕೊಂಡಾಗ ಅದು ಗಾಡಿಯಲ್ಲ, ಗೂಡು.
ಬಾಗಿಲು ಮುಚ್ಚಿದ ಹತ್ತಿ ಮಿಲ್ಲಿನ ಗೋಡೆಯ ಹಿಂದೆ
ನಾಲ್ಕೂ ಗಾಲಿ ಮಣ್ಣಿಗಿಳಿದು ನಿಂತಿತ್ತು.
ಡ್ರೈವರ್ ಸೀಟಿನ ನಾರಿನಲ್ಲಿ
ಕೋಳಿಯೊಂದು ಕಾವಿಗೆ ಕೂತಿತ್ತು,
ಕೈ ಚಾಚಿದರೆ ಕುಕ್ಕುತ್ತಿತ್ತು.
ಕ್ರೇನಿನವನಿಗೆ ಕೊಟ್ಟ ಮುಂಗಡ ಹೋದರೆ ಹೋಯಿತೆಂದು
ಒಂಬತ್ತು ದಿನ ಕಾದೆ.
ಏಳು ಮರಿ, ಒಡೆಯದ ಎರಡು ಮೊಟ್ಟೆ.
ಸರಪಳಿ ಬಿಗಿದದ್ದು ಆಮೇಲೆ.

ಮ್ಯಾಟಡೋರ್. ಯಾವ ಇಸವಿ ಅಂದರೆ,
ಕೊನೆಯ ಅಂಕಿಯನ್ನು ಗೆದ್ದಲು ಓದಿ ಮುಗಿಸಿತ್ತು.
ಕಂತಿನಲ್ಲಿ ಹೊಸದೇ ಬರುತ್ತಲ್ಲ ಎಂದ ನನ್ನ ತಮ್ಮ.
ಹೊಸದರ ಬೆನ್ನು ಗಿಡ್ಡ ಕಣೋ.
ಮಂಡಕ್ಕಿಗೆ ಬೇಕಿರೋದು ಜೋರಲ್ಲ, ಜಾಗ.

ಟಿಂಕರ್ ಪ್ಯಾರೇಜಾನ್ ಹಸಿರು ಕೆರೆದ, ನೀಲಿ ಬಂತು.
ನೀಲಿಯಡಿ ಕೆಂಪು.
ಕೆಂಪಿನಡಿ, ಹಳದಿಯ ಮೇಲೆ, ಅರ್ಧ ಉಳಿದ ಅಕ್ಷರ:
‘…ಗೆ ಬ್ರೆಡ್. ಫೋನ್ ೪೧೭.’
ಮೂರೇ ಅಂಕಿಯಲ್ಲಿ ದಾವಣಗೆರೆ ಸಿಗುತ್ತಿದ್ದ ಕಾಲ.
ತಿಪ್ಪೇರುದ್ರ ಬ್ರಷ್ಷು ಕಿವಿಗೆ ಸಿಕ್ಕಿಸಿ
ಬಹಳ ಹೊತ್ತು ನೋಡಿದ.
ಬ ಅಕ್ಷರದ ಹೊಟ್ಟೆ ಸರಿಯಾಗಿಲ್ಲ, ಅಂದ,
ಆದರೂ ಅಳಿಸೋಕೆ ಕೈ ಬರ್ತಿಲ್ಲಕ್ಕಾ.
ಅಳಿಸಪ್ಪ, ಅಂದೆ,
ದಾರಿಯಲ್ಲಿ ಜನ ಬ್ರೆಡ್ ಕೇಳಿದರೆ ನಾನೇನು ಕೊಡಲಿ?

ಪಿಸ್ಟನ್ ಗುಜರಿಯಲ್ಲಿ ಸಿಕ್ಕಿತು.
ಬುಷ್ ಹರಿಹರದ ಲೇತಿನಲ್ಲಿ ಕಡೆಸಿದ್ದು.
ಮುರಿದ ಪಟ್ಟಿಯನ್ನು ಹಳೇಪೇಟೆಯ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ
ಎಣ್ಣೆಗೆ ಇಳಿಸುವಾಗ
ನಮ್ಮ ಬಾಂಡಲಿಯಲ್ಲಿ ಮರಳು ಕಾದ ವಾಸನೆಯೇ ಬಂತು.
ಐದು ತಿಂಗಳು. ಹದಿನಾಲ್ಕು ಸಾವಿರ ಎಂದಿದ್ದವನ ಲೆಕ್ಕ
ಎಲ್ಲಿಗೆ ಮುಟ್ಟಿತೆಂದು ಇಲ್ಲಿ ಬರೆಯುವುದಿಲ್ಲ.

ವಿದ್ಯಾನಗರದಿಂದ ಒಬ್ಬ ಬಂದ, ಬಿಳಿ ಬೂಟು.
ಅಂಗಡಿಯ ಮುಂದೆ ನಿಲ್ಲಿಸಿ
ದೀಪದ ಸರ ಹಾಕಿ
ಒಳಗಿಂದ ಕಾಫಿ ಮಾರುತ್ತಾನಂತೆ, ಜನ ಫೋಟೋ ಹೊಡೆದುಕೊಳ್ಳುತ್ತಾರಂತೆ.
ಎರಡೂ ಕಾಲು ಲಕ್ಷ.
ಇಂಜಿನ್ ಬೇಕಿಲ್ಲ ಮೇಡಂ, ಅದನ್ನು ತೆಗೆದುಕೊಳ್ಳಿ.
ಹಾಲಸ್ವಾಮಿ ಮಾತಾಡಲಿಲ್ಲ,
ವೇಸ್ಟ್ ಬಟ್ಟೆಯಲ್ಲಿ ಒಂದೊಂದೇ ಉಗುರು ಒರೆಸುತ್ತಿದ್ದ.
ದುಡ್ಡು ದೊಡ್ಡದು. ಸುಳ್ಳು ಯಾಕೆ,
ಎರಡು ಉಗುರು ಒರೆಸುವಷ್ಟು ಹೊತ್ತು ನಾನೂ ಯೋಚಿಸಿದೆ.
ಇದಕ್ಕೆ ಕೆಲಸ ಐತೆ ಸಾರ್, ಅಂದೆ.

ಆರ್‌ಟಿಓ ಸಾಹೇಬರು ಸುತ್ತ ಒಂದು ಪ್ರದಕ್ಷಿಣೆ ಹಾಕಿ
ಮ್ಯೂಸಿಯಮ್ಮಿಗಾ? ಎಂದರು.
ಮಂಡಕ್ಕಿಗೆ.
ಬ್ರೇಕು ಪಾಸು, ಹಾರನ್ನು ಪಾಸು, ವೈಪರು ಫೇಲು.
ಈ ಊರಲ್ಲಿ ಮಳೆ ಎಲ್ಲೈತೆ ಸಾರ್?
ಮುಂದಿನ ಮಂಗಳವಾರ ಬನ್ನಿ.

ಆ ಮಂಗಳವಾರ ಮಳೆ ಬಂತು. ಅದು ಬೇರೆ ಮಾತು.

ಮೊದಲ ಸವಾರಿ, ಬೆಳಗಿನ ನಾಲ್ಕು.
ನಲವತ್ತಾರು ಚೀಲ ತುಂಬಿಸಿ
ಹಾಲಸ್ವಾಮಿ ಗಾಲಿಯ ಮೇಲೆ ಬೆರಳಿಟ್ಟು ಅಳೆದ.
ಒಂದು ಗೆರೆಯೂ ಇಳಿದಿರಲಿಲ್ಲ ಗಾಡಿ.
ಇದಕ್ಕಾ ನಾನು ಹೊಸ ಪಟ್ಟಿ ಹಾಕಿದ್ದು? ಎಂದು ಬೈದ, ನಕ್ಕ.
ಹದಿನೆಂಟು, ಹತ್ತೊಂಬತ್ತು…
ಕೆಮ್ಮಿತು, ಹೊಗೆ ಕಾರಿತು, ಹಿಡಿಯಿತು.

ಆನಗೋಡು ದಾಟಿದ ಮೇಲೆ ಗಾಳಿ,
ಲಾರಿಯೊಂದು ಪಕ್ಕಕ್ಕೆ ಬಂದರೆ ತೊನೆಯುತ್ತದೆ.
ತುಂಬಿದ ಗಾಡಿಯೂ ಖಾಲಿಯಂತೆಯೇ ಓಡುತ್ತದೆಂಬುದು
ಕೈಗೆ ಒಗ್ಗಲು ಒಂದು ವಾರ ಬೇಕಾಯಿತು.

ಭರಮಸಾಗರದಲ್ಲಿ ಹಿಂಬಾಗಿಲು ತೆಗೆದಾಗ
ಅಂಗಡಿಯ ಅಜ್ಜ ಕನ್ನಡಕ ಏರಿಸಿ ಓದಿದರು:
ನಾಲ್ಕು, ಒಂದು, ಏಳು.
ನಾನು ಆಗಲೇ ನೋಡಿದ್ದು.
ಬಾಗಿಲಿನ ಒಳಮೈಯಲ್ಲಿ ಅಂಗೈ ಅಗಲದ ಹಳದಿ,
ಸುತ್ತ ಹೊಸ ಬಣ್ಣವನ್ನು ಹುಷಾರಾಗಿ ನಿಲ್ಲಿಸಿದ್ದ ತಿಪ್ಪೇರುದ್ರ,
ಕೂಲಿ ಪೂರ್ತಿ ಎಣಿಸಿಕೊಂಡು ಹೋದವನು.

ಬ್ರೆಡ್ ಬರ್ತಿತ್ತಲ್ಲ ಇದರಲ್ಲಿ, ಎಂದರು ಅಜ್ಜ.
ಮಂಡಕ್ಕಿ ಅಜ್ಜಾರೇ. ಎಷ್ಟು ಚೀಲ?
ಮೂರು ಇಳಿಸು.
ಬೇಗ ಇಳಿಸಿದೆ. ಇಂಜಿನ್ ಆರಿಸಿರಲಿಲ್ಲ,
ಆರಿಸಿದರೆ ಮತ್ತೆ ಒಂದರಿಂದ ಎಣಿಸಬೇಕು.